ಅಂಗೋಲಾಕ್ಕೆ ನಾಲ್ಕನೆಯವನು

ಸಿಡ್ನಿಯ ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಸಂಯುಕ್ತಾಳ ಹೆಸರು ಕೇಳಿದರೆ ಕೋಡ್ ಬರೆಯುವ ಹುಡುಗರಿಗೆ ಎದೆ ಢವಢವ. ಅವರು ಬರೆದದ್ದನ್ನು ಪರೀಕ್ಷೆ ಮಾಡುವುದು ಅವಳ ಕೆಲಸ. ತಪ್ಪಿದ್ದರೆ ತಪ್ಪು, ಅಷ್ಟೇ. ಬರೆದವನು ವಾರವಿಡೀ ನಿದ್ದೆಗೆಟ್ಟಿರಲಿ, ಮ್ಯಾನೇಜರೇ ಬಂದು ಹಲ್ಲು ಗಿಂಜಲಿ, ಜಪ್ಪಯ್ಯ ಅಂದರೂ ಕೆಂಪು ಗುರುತನ್ನು ಹಸಿರು ಮಾಡುವವಳಲ್ಲ. ಇಂಗ್ಲಿಷಿನಲ್ಲಿ 'ನೋ' ಅನ್ನುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಅದೇ ಹೆಂಗಸು ಸಂಜೆ ಟ್ರೇನು ಹಿಡಿದು ಬ್ಲ್ಯಾಕ್‌ಟೌನ್‌ನ ಮನೆಗೆ ಬಂದು, ಚಪ್ಪಲಿ ಬಿಟ್ಟು ಕನ್ನಡಕ್ಕೆ ತಿರುಗಿದಳೋ, ಮುಗಿಯಿತು ಕಥೆ. ಯಾರದೋ ಮಗಳ ರಂಗಪ್ರವೇಶಕ್ಕೆ ನೂರು ಜನಕ್ಕಾಗುವಷ್ಟು ಚಟ್ನಿ ಬೇಕೆಂದರೆ ಇವಳೇ ರುಬ್ಬಬೇಕು. ಯಾರದೋ ಅತ್ತೆ ಮಾವನನ್ನು ಏರ್‌ಪೋರ್ಟಿನಿಂದ ಕರೆತರಬೇಕೆಂದರೆ ಇವಳದೇ ಕಾರು. 'ಆಗಲ್ಲ' ಎನ್ನುವ ಮಾತು ಗಂಟಲವರೆಗೆ ಬಂದು ಅಲ್ಲೇ ಕೂತುಬಿಡುತ್ತದೆ. ಇದು ಅವಳೊಬ್ಬಳ ಜಾಡ್ಯವೇನಲ್ಲ ಬಿಡಿ. ನಮ್ಮವರು ಪಾಸ್‌ಪೋರ್ಟ್ ಬದಲಾಯಿಸುತ್ತಾರೆ, ಊಟದ ಹೊತ್ತು ಬದಲಾಯಿಸುತ್ತಾರೆ, ದಾಕ್ಷಿಣ್ಯವನ್ನು ಮಾತ್ರ ತವರಿನಿಂದ ತಂದ ಒಡವೆಯ ಹಾಗೆ ಜೋಪಾನ ಮಾಡುತ್ತಾರೆ.

ಮೈಸೂರಿನ ಸರಸ್ವತೀಪುರದಲ್ಲಿ ಹುಟ್ಟಿ ಬೆಳೆದ ಸಂಯುಕ್ತಾ ಸಮುದ್ರವನ್ನು ಮೊದಲು ನೋಡಿದ್ದು ಕಾಲೇಜಿನ ಟೂರಿನಲ್ಲಿ, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಕಣಕಾಲಿನಷ್ಟು ನೀರಿನಲ್ಲಿ. ಸಿಡ್ನಿಗೆ ಬಂದ ಮೇಲೆ ಮಗ ಅದ್ವಿಕ್‌ನನ್ನು ಈಜುಕೊಳಕ್ಕೆ ಬಿಡಲು ಹೋಗುತ್ತಿದ್ದಳು. ದಡದಲ್ಲಿ ಕೂತು ಕೂತು ಸಾಕಾಗಿ ಒಂದು ದಿನ ತಾನೂ ಇಳಿದಳು. ಮೂವತ್ತಾರಕ್ಕೆ ಈಜು, ನಲವತ್ತಕ್ಕೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಸರ್ಫಿಂಗ್. ಈಗ ನಲವತ್ತೇಳು. ಮಗ ಯೂನಿವರ್ಸಿಟಿಗೆ ಹೋದ. ಅವನಿಗೆ ಈಗ ನೀರಿನ ಕಡೆ ತಲೆಯೇ ಇಲ್ಲ. ತಾಯಿ ಮಾತ್ರ ಪ್ರತಿ ಶನಿವಾರ ಬೆಳಗ್ಗೆ ಕಾರಿನ ನೆತ್ತಿಗೆ ಬೋರ್ಡ್ ಕಟ್ಟಿಕೊಂಡು ಬ್ಲ್ಯಾಕ್‌ಟೌನ್‌ನಿಂದ ಮ್ಯಾನ್ಲಿ ಬೀಚಿನವರೆಗೆ ಹೋಗುತ್ತಾಳೆ. ಗಂಡ ಶ್ರೀನಾಥ್ ಹೊದಿಕೆಯೊಳಗಿನಿಂದಲೇ "ಹುಷಾರು" ಎಂದು ಮಗ್ಗುಲು ಬದಲಾಯಿಸುತ್ತಾನೆ.

ಆದರೆ ಮ್ಯಾನ್ಲಿಯಲ್ಲಿ ಒಂದು ಅಲೆಗೆ ಇಪ್ಪತ್ತು ಜನ. ಅಲೆ ಮುರಿಯುವ ಜಾಗಕ್ಕೆ ಯಾರು ಹತ್ತಿರವಿದ್ದಾರೋ ಅಲೆ ಅವರದ್ದು ಎಂಬುದು ಅಲ್ಲಿಯ ನಿಯಮ. ನಿಯಮವೇನೋ ಸರಿ. ಆದರೆ ಕಂದು ಬಣ್ಣದ, ನಡು ದಪ್ಪಗಾದ ಹೆಂಗಸೊಬ್ಬಳು ಅಲೆ ಹಿಡಿದಳೆಂದರೆ ಯಾವನೋ ಹದಿನೆಂಟರ ಹುಡುಗ ಎದುರಿಗೆ ನುಗ್ಗುತ್ತಾನೆ. ಸಂಯುಕ್ತಾ ಹಿಂದೆ ಸರಿಯುತ್ತಾಳೆ. ಏಳು ವರ್ಷದಲ್ಲಿ ಒಂದೇ ಒಂದು ಅಲೆಯನ್ನು ತುದಿಯಿಂದ ದಡದವರೆಗೆ ಒಬ್ಬಳೇ ಸವಾರಿ ಮಾಡಿದವಳಲ್ಲ. ಅವಳಿಗೆ ಬೇಕಾಗಿದ್ದು ಅದೊಂದೇ. ಯಾರೂ ಅಡ್ಡ ಬರದ, ಯಾರಿಗೂ ದಾರಿ ಬಿಡಬೇಕಾಗಿಲ್ಲದ ಒಂದು ಅಲೆ.

ಅಂಥ ಅಲೆ ಇರುವ ಜಾಗ ಹುಡುಕಿಕೊಟ್ಟವರು ಮೆಲ್ಬರ್ನ್‌ನ ಉಮಾಶಂಕರ್. ಬಂದರುಗಳ ಇಂಜಿನಿಯರ್ ಆಗಿ ರಿಟೈರ್ ಆದವರು, ಅರವತ್ತೆರಡು ವಯಸ್ಸು, ಮೈಯಲ್ಲಿ ಒಂದು ಚೂರು ಕೊಬ್ಬಿಲ್ಲ. ಅದೇ ಊರಿನ ಫಿಸಿಯೋಥೆರಪಿಸ್ಟ್ ಗಾನವಿ ಇನ್ನೊಬ್ಬಳು. ಆಸ್ಟ್ರೇಲಿಯಾದಲ್ಲಿ ಸರ್ಫಿಂಗ್ ಮಾಡುವ ಕನ್ನಡಿಗರನ್ನು ಗುಡ್ಡೆ ಹಾಕಿದರೆ ಒಂದು ಆಟೋ ತುಂಬಬಹುದು, ಅಷ್ಟೇ. ಹಾಗಾಗಿ ಈ ಮೂವರು ಒಬ್ಬರನ್ನೊಬ್ಬರು ಹೇಗೋ ಹುಡುಕಿಕೊಂಡಿದ್ದರು. ಉಮಾಶಂಕರ್ ಒಂದು ವರ್ಷ ಸ್ಯಾಟಲೈಟ್ ಚಿತ್ರಗಳಿಗೆ ಕಣ್ಣು ಕೀಲಿಸಿ ಕೂತು, ಆಫ್ರಿಕಾದ ಪಶ್ಚಿಮ ಅಂಚಿನಲ್ಲಿ, ಅಂಗೋಲಾದ ದಕ್ಷಿಣ ಕೊನೆಯ ಮರುಭೂಮಿಯಲ್ಲಿ ಒಂದು ಕೊಲ್ಲಿ ಹಿಡಿದರು. ಅಲ್ಲಿ ಮರಳುಗುಡ್ಡಗಳು ನೇರವಾಗಿ ಸಮುದ್ರಕ್ಕೇ ಇಳಿಯುತ್ತವೆ. ರಸ್ತೆ ಇಲ್ಲ. ನೀರು ಹಿಂದೆ ಸರಿದಾಗ ಗುಡ್ಡಕ್ಕೂ ಕಡಲಿಗೂ ನಡುವೆ ಒದ್ದೆ ಮರಳಿನ ಒಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ. ಜೀಪು ಅದರ ಮೇಲೆ ಹೋಗಬೇಕು, ನೀರು ಮರಳಿ ಬರುವುದರೊಳಗೆ ದಾಟಬೇಕು. ಫೋನಿಲ್ಲ, ಮನೆಯಿಲ್ಲ, ಮೀನುಗಾರರು ಬಂದರೆ ಬಂದರು. ಡಾಕ್ಟರು ಬೇಕೆಂದರೆ ಒಂದು ಹಗಲಿನ ದಾರಿ, ಅದೂ ಕಡಲು ಒಪ್ಪಿದರೆ.

"ಜನವೇ ಇಲ್ಲಮ್ಮ," ಎಂದರು ಉಮಾಶಂಕರ್, ಭಾನುವಾರದ ವಿಡಿಯೋ ಕಾಲಿನಲ್ಲಿ. "ಅಲೆ ನೋಡು, ಹೇಗೆ ಮಡಚಿಕೊಂಡು ಬರ್ತಾ ಇದೆ. ಒಂದು ಸಲ ಹತ್ತಿದ್ರೆ ಒಂದು ನಿಮಿಷ ಇಳಿಯೋ ಹಾಗಿಲ್ಲ."

ಸಂಯುಕ್ತಾಗೆ ಆ ಚಿತ್ರ ನೋಡಿ ಬಾಯಲ್ಲಿ ನೀರೂರಿತು. ಆಗಸ್ಟಿಗೆ ಹೊರಡುವುದೆಂದು ನಿಶ್ಚಯವಾಯಿತು. ಜೊಹಾನ್ಸ್‌ಬರ್ಗ್, ಲುವಾಂಡಾ, ಅಲ್ಲಿಂದ ದಕ್ಷಿಣಕ್ಕೆ ಇನ್ನೊಂದು ವಿಮಾನ, ಆಮೇಲೆ ಜೀಪು.

ಕಲ್ಲು ಬಿದ್ದದ್ದು ಮನೆಯೊಳಗಿನಿಂದಲೇ. ಅತ್ತೆ ಅನುಸೂಯಮ್ಮನವರು ಯಾವುದಕ್ಕೂ ಅಡ್ಡಿ ಮಾಡುವವರಲ್ಲ. ಸೊಸೆ ವೆಟ್‌ಸೂಟ್ ಎಂಬ ರಬ್ಬರಿನ ಬಟ್ಟೆ ತೊಟ್ಟು ಸಮುದ್ರಕ್ಕೆ ಇಳಿಯುತ್ತಾಳೆಂದರೆ "ಬೆಚ್ಚಗಿರುತ್ತಾ ಅದು?" ಎಂದಷ್ಟೇ ಕೇಳಿದವರು. ಆದರೆ ಎಷ್ಟು ಜನ ಹೋಗುತ್ತೀರಿ ಎಂದು ಕೇಳಿ, ಮೂವರು ಎಂಬ ಉತ್ತರ ಬಂದದ್ದೇ ತಡ, ಹುರಿಯುತ್ತಿದ್ದ ರವೆಯ ಒಲೆ ಆರಿಸಿದರು.

"ಮೂರು ಜನ ಹೊರಡಬಾರದು ಕಣೇ. ಮೂವರು ಹೋದ ಕೆಲಸ ಕೈಗೂಡಲ್ಲ."

"ಅಮ್ಮ, ಜೇಬಲ್ಲಿ ಒಂದು ಕಲ್ಲು ಹಾಕ್ಕೊಂಡು ಹೋದ್ರೆ ನಾಲ್ಕು ಲೆಕ್ಕ ಅಂತ ನೀನೇ ಹೇಳ್ತಿದ್ದೆ," ಎಂದ ಶ್ರೀನಾಥ್.

"ಅದು ಚಿಕ್ಕಪೇಟೆಗೆ ಸೀರೆ ತರೋಕೆ ಹೋಗುವಾಗ. ಆಫ್ರಿಕಾಕ್ಕೆಲ್ಲ ಕಲ್ಲು ಸಾಕಾಗಲ್ಲ. ನೀನೇ ಹೋಗು ಜೊತೆಗೆ."

"ನಾನು ಬಕೆಟ್ ನೀರಿನ ಮನುಷ್ಯ. ನನ್ನ ಕೈಲಾಗಲ್ಲ," ಎಂದು ಅವನು ಎದ್ದು ಹೋದ. ಹೆತ್ತ ತಾಯಿಗೆ, ಕಟ್ಟಿಕೊಂಡ ಹೆಂಡತಿಗೆ 'ಆಗಲ್ಲ' ಅನ್ನುವುದಕ್ಕೆ ಯಾರಿಗೆ ತಾನೆ ಕಷ್ಟ? ದಾಕ್ಷಿಣ್ಯವೆಲ್ಲ ಹೊಸಿಲಿನಾಚೆಯವರಿಗೆ.

ಸಂಯುಕ್ತಾ ಇದನ್ನು ನಗುತ್ತಲೇ ಭಾನುವಾರದ ವಿಡಿಯೋ ಕಾಲಿನಲ್ಲಿ ಹೇಳಿದಳು. ಉಮಾಶಂಕರ್ ನಗಲಿಲ್ಲ. ಗಂಟಲು ಸರಿಮಾಡಿಕೊಂಡು, "ಶಾಸ್ತ್ರ ಬಿಡಮ್ಮ. ಆದರೆ ನಾಲ್ಕು ಜನ ಇದ್ರೆ ಸೇಫ್ಟಿಗೂ ಒಳ್ಳೇದು. ಇಬ್ಬರು ನೀರಲ್ಲಿ, ಇಬ್ಬರು ದಡದಲ್ಲಿ. ಜೀಪೂ ಎರಡು ತಗೋಬಹುದು," ಎಂದರು. ನಲವತ್ತು ವರ್ಷ ಕಾಂಕ್ರೀಟಿನ ಲೆಕ್ಕ ಹಾಕಿದ ಮನುಷ್ಯನಿಗೂ ಮೂರು ಎಂದರೆ ಒಳಗೊಳಗೇ ಪುಕುಪುಕು. ಅದಕ್ಕೊಂದು ಇಂಜಿನಿಯರಿಂಗ್ ಅಂಗಿ ತೊಡಿಸಿದರು, ಅಷ್ಟೇ.

ಯುಗಾದಿ ಮುಗಿದ ಮರುವಾರ ಬ್ಲ್ಯಾಕ್‌ಟೌನ್‌ನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮನೆ ತುಂಬ ಜನ. ಅವರಲ್ಲಿ ಆದರ್ಶ್ ಮತ್ತು ಅವನ ಹೆಂಡತಿ ಮಾಯಾ. ತುಮಕೂರಿನ ಹುಡುಗ, ನಾರ್ತ್ ಸಿಡ್ನಿಯ ಒಂದು ಕಂಪನಿಯಲ್ಲಿ ಕೆಲಸ. ಆರು ವರ್ಷದ ಹಿಂದೆ ಇಲ್ಲೇ ನೆಲೆಸಲು ಬೇಕಾದ ಪಿಆರ್ ಪರವಾನಗಿ ಸಿಕ್ಕಿ ಎರಡು ಸೂಟ್‌ಕೇಸ್ ಹಿಡಿದು ಬಂದಿಳಿದಾಗ, ಸ್ನೇಹಿತರ ಸ್ನೇಹಿತರೆಂಬ ನಂಟಿನಿಂದ ಈ ಮನೆಯಲ್ಲೇ ಒಂದು ತಿಂಗಳು ಇದ್ದರು. ಬಾಡಿಗೆ ಮನೆ ಹುಡುಕಿಕೊಟ್ಟವಳು ಸಂಯುಕ್ತಾ, ಮಾಯಾಗೆ ಕಾರು ಕಲಿಸಿದವಳೂ ಅವಳೇ. ಆದರ್ಶ್ ಅವಳನ್ನು 'ಅಕ್ಕ' ಎನ್ನುತ್ತಿದ್ದ. ಬರೀ ಬಾಯಿಮಾತಿಗಲ್ಲ, ನಿಜವಾಗಿ.

ಈ ಆದರ್ಶ್ ಒಂದು ಸಲ ಆಫೀಸಿನವರ ಜೊತೆ ಸರ್ಫಿಂಗ್ ಕ್ಲಾಸಿಗೆ ಹೋಗಿದ್ದ. ಬೋರ್ಡಿನ ಮೇಲೆ ಅರೆಕ್ಷಣ ನಿಂತದ್ದನ್ನು ಯಾರೋ ಫೋಟೋ ಹೊಡೆದಿದ್ದರು. ಆ ಫೋಟೋ ಅನುಸೂಯಮ್ಮನವರ ಫೋನಿಗೂ ಬಂದಿತ್ತು.

"ಏನಪ್ಪ ಆದರ್ಶ," ಎಂದರು ಅವರು, ಸಜ್ಜಿಗೆ ಪ್ರಸಾದದ ಬಟ್ಟಲನ್ನು ಅವನ ಕೈಗಿಡುತ್ತ, ಇಡೀ ಹಾಲಿಗೆ ಕೇಳುವ ಹಾಗೆ. "ನೀನೂ ಹಲಗೆ ಮೇಲೆ ನಿಲ್ತೀಯಲ್ಲ. ನಿಮ್ಮ ಅಕ್ಕನ ಜೊತೆ ಆಫ್ರಿಕಾಕ್ಕೆ ಹೋಗಬಾರದಾ? ಇಲ್ಲದಿದ್ರೆ ಮೂರೇ ಜನ ಆಗ್ತಾರೆ. ಮೂರು ಜನರನ್ನ ನಾನು ಕಳಿಸಲ್ಲ."

ಎಲ್ಲರೂ ಅವನ ಕಡೆ ತಿರುಗಿದರು. ಆದರ್ಶ್ ಸಂಯುಕ್ತಾಳ ಮುಖ ನೋಡಿದ. ಇವನು ಈಜುವುದನ್ನು ಅವಳು ನೋಡಿದ್ದಳು. ಕೊಳದ ಒಂದು ಉದ್ದ ಮುಗಿಸುವಷ್ಟರಲ್ಲಿ ಗೋಡೆ ಹಿಡಿದು ಏದುಸಿರು ಬಿಡುವವನು. 'ಅತ್ತೆ, ಅವನಿಗೆ ಅಭ್ಯಾಸ ಇಲ್ಲ' ಎಂದು ಆಗಲೇ, ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ಜನರ ಮುಂದೆ ಹುಡುಗನಿಗೆ ಅವಮಾನ ಮಾಡುವುದು ಹೇಗೆ? ಸುಮ್ಮನೆ ನಕ್ಕಳು.

"ಅಯ್ಯೋ, ಅದಕ್ಕೇನಂತೆ ಆಂಟಿ. ಬರ್ತೀನಿ," ಎಂದ ಆದರ್ಶ್.

ಚಪ್ಪಾಳೆ ಬಿತ್ತು. ಮಾಯಾ ಗಂಡನ ಮುಖವನ್ನೊಮ್ಮೆ ನೋಡಿ ಪ್ರಸಾದ ತಿನ್ನತೊಡಗಿದಳು.

ಆಮೇಲೆ ಶುರುವಾಯಿತು ಸಂಯುಕ್ತಾಳ ಪೀಕಲಾಟ. ಗಾನವಿಗೆ ಫೋನ್ ಮಾಡಿದಳು. "ನೀನೇ ಹೇಳ್ಬಿಡು ಸಂಯುಕ್ತಾ, ನಿನ್ನ ತಮ್ಮ ಇದ್ದ ಹಾಗಲ್ವಾ," ಎಂದಳು ಗಾನವಿ. ಉಮಾಶಂಕರ್ ಅವರನ್ನು ಕೇಳಿದರೆ, "ನಾನು ಹೇಗಮ್ಮ ಹೇಳಲಿ, ನನಗೆ ಅವರ ಪರಿಚಯವೇ ಇಲ್ಲ," ಎಂದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕಟ್ಟಬೇಕಾದವಳು ತಾನೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಶನಿವಾರದಿಂದ ಅವನನ್ನು ಮ್ಯಾನ್ಲಿಗೆ ಕರೆದುಕೊಂಡು ಹೋಗತೊಡಗಿದಳು, ಕಲಿಸಿದರೆ ಕಲಿತಾನು ಎಂದು.

ಕಲಿಯಲಿಲ್ಲ. ಸೊಂಟದೆತ್ತರದ ಅಲೆ ಬಂದರೂ ಆದರ್ಶ್ ಬೋರ್ಡನ್ನು ತಬ್ಬಿ ಕಣ್ಣು ಮುಚ್ಚುತ್ತಿದ್ದ. ತುಟಿ ನೀಲಿ, ಮುಖ ಬಿಳಿ. ದಡಕ್ಕೆ ಬಂದು ಮರಳಿನ ಮೇಲೆ ಕೂತು ಉಸಿರು ಹಿಡಿದುಕೊಂಡು ಅವಳ ಮುಖ ನೋಡುತ್ತಿದ್ದ. ಅವಳು ಏನು ಹೇಳಬೇಕಿತ್ತೋ ಅದರ ಬದಲು, "ಚೆನ್ನಾಗಿ ಮಾಡಿದೆ, ಪರವಾಗಿಲ್ಲ," ಎನ್ನುತ್ತಿದ್ದಳು. ಅವನು ತಲೆ ತಗ್ಗಿಸಿ, "ಮುಂದಿನ ವಾರ ಬರ್ತೀನಿ ಅಕ್ಕ," ಎನ್ನುತ್ತಿದ್ದ.

ಒಂದು ಶನಿವಾರ ಗಟ್ಟಿ ಮನಸ್ಸು ಮಾಡಿದಳು. ವಾಪಸು ಬರುವಾಗ ಸ್ಪಿಟ್ ಸೇತುವೆಯ ಹತ್ತಿರ ದೋಣಿಗಳಿಗೆ ದಾರಿ ಬಿಡಲು ಸೇತುವೆ ಎತ್ತಿದ್ದರು, ಕಾರುಗಳು ಸಾಲಾಗಿ ನಿಂತಿದ್ದವು. ಇದೇ ಸಮಯ, ಓಡಿಹೋಗಲು ಜಾಗವಿಲ್ಲ.

"ಆದರ್ಶ್, ಒಂದು ಮಾತು."

"ನಾನೂ ಒಂದು ಹೇಳಬೇಕಿತ್ತು ಅಕ್ಕ." ಅವನು ಕಿಟಕಿಯ ಕಡೆ ನೋಡುತ್ತಿದ್ದ. "ನೀವು ಹೇಳಿ ಮೊದಲು," ಎಂದ.

"ಇಲ್ಲ, ನೀನೇ ಹೇಳು."

"ಏನಿಲ್ಲ. ಹೊಸ ಬೋರ್ಡ್ ತಗೊಂಡೆ. ವೆಟ್‌ಸೂಟೂ ತಗೊಂಡೆ. ನಿಮ್ಮ ಹತ್ರ ಎಷ್ಟೂಂತ ಇಸ್ಕೊಳ್ಳೋದು."

ಹೊಸ ಬೋರ್ಡು ಬೇರೆ! ಸಂಯುಕ್ತಾಳ ಮಾತು ಬಂದ ದಾರಿಯಲ್ಲೇ ಹೊಟ್ಟೆಗಿಳಿಯಿತು. ಇಷ್ಟು ಆಸೆಯಿಂದ ಹೊರಟವನ ಕಾಲಿಗೆ ಅಡ್ಡಗಾಲು ಹೇಗೆ ಹಾಕುವುದು? "ಒಳ್ಳೇದಾಯ್ತು," ಎಂದಳು. ಸೇತುವೆ ಇಳಿಯಿತು, ಕಾರುಗಳು ಹೊರಟವು.

ಭಾನುವಾರದ ವಿಡಿಯೋ ಕಾಲ್‌ಗಳಲ್ಲಿ ಯೋಜನೆ ಬೆಳೆಯುತ್ತಲೇ ಹೋಯಿತು. ಉಮಾಶಂಕರ್ ಜೋಡಿಗಳನ್ನು ಗೊತ್ತುಮಾಡಿದರು. ತಾವು ಮತ್ತು ಗಾನವಿ ಒಂದು ಜೋಡಿ, ಸಂಯುಕ್ತಾ ಮತ್ತು ಆದರ್ಶ್ ಇನ್ನೊಂದು. ನೀರಿನಲ್ಲಿ ಒಬ್ಬರಿಗೆ ಏನಾದರೂ ಆದರೆ ಜೋಡಿಯವರು ಮೊದಲು ಹೋಗಬೇಕು. ದಡದವರು ಬಂದು ಮುಟ್ಟುವುದು ಆಮೇಲೆ. ಅದನ್ನು ಅವರು ಸ್ಕ್ರೀನಿನ ಮೇಲೆ ಬಣ್ಣ ಹಚ್ಚಿ ತೋರಿಸುತ್ತಿದ್ದರೆ ಸಂಯುಕ್ತಾ ತನ್ನ ಜೋಡಿಯ ಲೆಕ್ಕ ಹಾಕುತ್ತಿದ್ದಳು. ತಾನು ಮುಳುಗಿದರೆ ತನ್ನ ಕಡೆ ಬರಬೇಕಾದವನು ಆದರ್ಶ್. ಅವನು ಮುಳುಗಿದರೆ, ಡಾಕ್ಟರಿಗೆ ಒಂದು ಹಗಲಿನ ದಾರಿಯ ಆ ಮರಳಿನ ಮೇಲೆ, ಅವನನ್ನು ಮಲಗಿಸಿಕೊಂಡು ಕೂರಬೇಕಾದವಳು ತಾನು. ಮಾಯಾಗೆ ಫೋನ್ ಮಾಡಬೇಕಾದವಳೂ ತಾನೇ. ಆಫೀಸಿನಲ್ಲಿ ಯಾರದ್ದೋ ಕೋಡಿಗೆ ಕೆಂಪು ಗುರುತು ಹಾಕುವಾಗ ಅವಳ ಕೈ ಅಲ್ಲೇ ನಿಂತುಬಿಡುತ್ತಿತ್ತು. ಎಂಥ ಹೇಡಿ ನಾನು ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಇನ್ನೂ ಒಂದು ವಿಷಯವಿತ್ತು. ಅದನ್ನು ಮನಸ್ಸಿನಲ್ಲೂ ಪೂರ್ತಿ ಆಡಿಕೊಳ್ಳಲು ಅವಳಿಗೆ ನಾಚಿಕೆ. ಅವನು ಬರುವುದಿಲ್ಲವೆಂದರೆ ಮತ್ತೆ ಮೂವರಾಗುತ್ತಾರೆ, ಅತ್ತೆಯ ಮುಖ ಬಾಡುತ್ತದೆ, ಉಮಾಶಂಕರ್ 'ಮುಂದಿನ ವರ್ಷ ನೋಡೋಣಮ್ಮ' ಎಂದುಬಿಡುತ್ತಾರೆ. ಆ ಅಲೆ ಹೋಗಿಬಿಡುತ್ತದೆ.

ಆಗ ನಮ್ಮವರ ಬುದ್ಧಿವಂತಿಕೆ ಕೆಲಸ ಮಾಡಿತು. ಮುಖಕ್ಕೆ ಹೇಳಲಾಗದಿದ್ದರೆ ಏನು ಮಾಡುತ್ತೇವೆ? ಅವರಿಗೇ ಅರ್ಥವಾಗುವ ಹಾಗೆ ಮಾಡುತ್ತೇವೆ! ಹೊತ್ತು ಮೀರಿದ ನೆಂಟರ ಮುಂದೆ ಆಕಳಿಸುತ್ತೇವಲ್ಲ, ಹಾಗೆ. ಜೂನ್ ತಿಂಗಳ ಲಾಂಗ್ ವೀಕೆಂಡಿನಲ್ಲಿ ಮೆಲ್ಬರ್ನ್ ಕಡೆಯ ಕಡಲಿನಲ್ಲಿ ಒಂದು ರಿಹರ್ಸಲ್ ಇಟ್ಟುಕೊಳ್ಳೋಣ ಎಂದಳು ಸಂಯುಕ್ತಾ. ಚಳಿಗಾಲ, ದೊಡ್ಡ ಅಲೆ, ಅಂಗೋಲಾದಷ್ಟೇ ತಣ್ಣನೆಯ ನೀರು. ಒಂದು ಸಲ ನೋಡಿದರೆ ಅವನೇ ಹಿಂದೆ ಸರಿಯುತ್ತಾನೆ. "ಸೂಪರ್ ಐಡಿಯಾ," ಎಂದಳು ಗಾನವಿ. ಉಮಾಶಂಕರ್ ಮುಖದ ಮೇಲಿನ ಗೆರೆಗಳು ಸಡಿಲವಾದದ್ದು ಸ್ಕ್ರೀನಿನಲ್ಲೂ ಕಂಡಿತು.

ಟಾರ್ಕಿ ಎಂಬ ಊರು ದಾಟಿ ಸ್ವಲ್ಪ ದೂರ ಹೋದರೆ ಬಂಡೆಗಳ ಕೆಳಗೆ ಹೆಸರಿಲ್ಲದ ಒಂದು ಸಣ್ಣ ಬೀಚು. ಭಾನುವಾರ ಬೆಳಗ್ಗೆ ಐವರೂ ಅಲ್ಲಿಳಿದರು. ಗಾಳಿ ಕಿವಿ ಕಚ್ಚುತ್ತಿತ್ತು. ಮೆಲ್ಬರ್ನ್ ನೋಡಿದ ಹಾಗೂ ಆಯಿತು ಎಂದು ಗಂಡನ ಜೊತೆ ಬಂದಿದ್ದ ಮಾಯಾ ಕಾಫಿ ಫ್ಲಾಸ್ಕು, ಪುಳಿಯೋಗರೆ ಡಬ್ಬಿ ಇಟ್ಟುಕೊಂಡು ಮರಳಿನ ಮೇಲೆ ಶಾಲು ಹೊದ್ದು ಕೂತಳು. ಸಮುದ್ರ ಬೂದು ಬಣ್ಣ. ಅಲೆಗಳು ತಲೆಗಿಂತ ಎತ್ತರಕ್ಕೆ ಎದ್ದು ಬಂಡೆ ಒಡೆದ ಸದ್ದಿನಲ್ಲಿ ಮುರಿಯುತ್ತಿದ್ದವು. ಸಂಯುಕ್ತಾ ಆದರ್ಶನನ್ನು ಓರೆಗಣ್ಣಿನಿಂದ ನೋಡಿದಳು. ಈಗ ಹೇಳುತ್ತಾನೆ, ಇವತ್ತು ಬೇಡ ಅಕ್ಕ ಎನ್ನುತ್ತಾನೆ.

ಅವನು ಬಗ್ಗಿ ಕಾಲಿಗೆ ಲೀಶ್ ಕಟ್ಟಿಕೊಳ್ಳುತ್ತಿದ್ದ. ಬೋರ್ಡು ಕೊಚ್ಚಿಹೋಗದಂತೆ ಕಾಲಿಗೂ ಬೋರ್ಡಿಗೂ ಬಿಗಿಯುವ ಹಗ್ಗ ಅದು. ಎರಡು ಸಲ ಬಿಗಿದರೂ ಪಟ್ಟಿ ಸರಿಯಾಗಿ ಕೂರುತ್ತಿರಲಿಲ್ಲ.

"ಆಗುತ್ತಾ?" ಎಂದಳು.

"ಆಗುತ್ತೆ ಅಕ್ಕ."

"ಅಲೆ ಸ್ವಲ್ಪ ದೊಡ್ಡದೇ ಇದೆ."

"ಹೌದು ಅಕ್ಕ. ಪರವಾಗಿಲ್ಲ."

ಉಮಾಶಂಕರ್ ಸೀಟಿ ಹಿಡಿದು ದಡದಲ್ಲಿ ನಿಂತರು, ಪಕ್ಕದಲ್ಲಿ ಗಾನವಿ. ಸಂಯುಕ್ತಾ, ಆದರ್ಶ್ ನೀರಿಗಿಳಿದರು.

ಬಂಡೆಯ ಪಕ್ಕದಲ್ಲಿ ದಡದ ನೀರನ್ನು ಕಡಲೊಳಕ್ಕೆ ಸೆಳೆದೊಯ್ಯುವ ಒಂದು ಕಾಲುವೆಯಿತ್ತು. ಗೊತ್ತಿದ್ದವರಿಗೆ ಅದು ಪುಕ್ಕಟೆ ಸವಾರಿ, ಗೊತ್ತಿಲ್ಲದವರಿಗೆ ಯಮನ ಬಾಗಿಲು. ಇಬ್ಬರೂ ಬೋರ್ಡಿನ ಮೇಲೆ ಬೋರಲು ಮಲಗಿ ಅದರಲ್ಲಿ ಹೋದರು. ಸಂಯುಕ್ತಾ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದಳು. ಅವನು ಬರುತ್ತಲೇ ಇದ್ದ. ಹಲ್ಲು ಕಚ್ಚಿಕೊಂಡು, ಕಣ್ಣನ್ನು ಅವಳ ಪಾದದ ಮೇಲೆ ನೆಟ್ಟು. ಅಲೆ ಮುರಿಯುವ ಜಾಗದ ಅಂಚಿಗೆ ಬಂದರು. ಆಗ ದೂರದಲ್ಲಿ ಕಡಲು ಆಕಾಶ ಕೂಡುವ ಗೆರೆ ಕಪ್ಪಾಯಿತು. ಒಂದರ ಹಿಂದೆ ಒಂದು, ದೊಡ್ಡ ಅಲೆಗಳ ಒಂದು ಗುಂಪು ಬರುತ್ತಿತ್ತು.

"ಆದರ್ಶ್, ಎದುರಿಗೆ ಹೋಗು! ತಿರುಗಬೇಡ! ಕೈ ಹಾಕು, ಕೈ ಹಾಕು!"

ಮೊದಲನೆಯದನ್ನು ಹೇಗೋ ಹತ್ತಿ ಇಳಿದ. ಎರಡನೆಯದು ಅವನ ಎದುರಿಗೆ ಗೋಡೆಯಂತೆ ಎದ್ದಿತು. ಅವನು ಬೋರ್ಡು ಬಿಟ್ಟು, ಅಲೆಗೆ ಬೆನ್ನು ಹಾಕಿ, ದಡದ ಕಡೆ ಕೈ ಚಾಚಿದ. ಅಲೆ ಅವನ ಮೇಲೆ ಬಿತ್ತು.

ಸಂಯುಕ್ತಾ ಅದನ್ನು ದಾಟಿ ತಿರುಗಿ ನೋಡಿದರೆ ಹೊಸ ಬೋರ್ಡು ಒಂದೇ ನೊರೆಯಲ್ಲಿ ದಡದ ಕಡೆ ಓಡುತ್ತಿತ್ತು. ಲೀಶಿನ ಪಟ್ಟಿ ಬಿಚ್ಚಿಕೊಂಡಿತ್ತು. ಆದರ್ಶ್ ಇಲ್ಲ. ಉಮಾಶಂಕರ್ ಸೀಟಿ ಊದುತ್ತಲೇ ಇದ್ದರು. ದೇವರೇ, ದೇವರೇ, ಎಲ್ಲಿ? ಆಮೇಲೆ ಬಂಡೆಯ ಕಡೆ ಒಂದು ಕೈ ಎದ್ದಿತು. ಅವಳು ಭುಜ ಕಿತ್ತುಬರುವ ಹಾಗೆ ನೀರು ಹೊಡೆದಳು.

ಮುಟ್ಟಿದ ಕೂಡಲೇ ಅವನು ಅವಳನ್ನು ಹತ್ತಿದ. ಬೋರ್ಡನ್ನಲ್ಲ, ಅವಳನ್ನೇ. ಕುತ್ತಿಗೆ ತಬ್ಬಿ, ಮಂಡಿಯನ್ನು ಅವಳ ಎದೆಗೆ ಊರಿ, ಉಸಿರಿಗಾಗಿ ಮೇಲೇರಿದ. ಅವಳು ಕೆಳಗೆ ಹೋದಳು. ಕಿವಿಯಲ್ಲಿ ಗುಂಯ್ ಎಂದಿತು. ಇಷ್ಟು ತಣ್ಣಗಿರುತ್ತದೆಯೇ ನೀರು? ಇದೇ ಕೊನೆ ಎಂದು ಅವಳಿಗೆ ಸ್ಪಷ್ಟವಾಗಿ ಅನಿಸಿತು. ಜೊತೆಗೆ ಅಸಾಧ್ಯ ಸಿಟ್ಟು ಬಂತು, ಅವನ ಮೇಲಲ್ಲ, ತನ್ನ ಮೇಲೆ. ಎರಡೂ ಕೈಯಿಂದ ಅವನ ಹೊಟ್ಟೆಗೆ ಗುದ್ದಿದಳು. ಹಿಡಿತ ಸಡಿಲಿತು. ಮೇಲೆ ಬಂದವಳೇ ಬೋರ್ಡನ್ನು ಎಳೆದು ಇಬ್ಬರ ನಡುವೆ ತುರುಕಿದಳು.

"ಇದನ್ನ ಹಿಡ್ಕೋ! ನನ್ನನ್ನಲ್ಲ ಕಣೋ, ಇದನ್ನ!"

ಹಿಡಿದ. ಮುಂದಿನ ಅಲೆ ಇಬ್ಬರನ್ನೂ ಬೋರ್ಡ್ ಸಮೇತ ಉರುಳಿಸಿ ದಡದ ಕಡೆ ಎಸೆಯಿತು. ಎದೆಯುದ್ದ ನೀರಿನಲ್ಲಿ ಗಾನವಿ ಬಂದು ಅವನ ಕಂಕುಳಿಗೆ ಕೈ ಹಾಕಿದಳು. ಮರಳಿನ ಮೇಲೆ ಮಲಗಿಸಿದಾಗ ಅವನು ಬಾಯಿ ಮೂಗಿನಿಂದ ಉಪ್ಪುನೀರು ಕಕ್ಕಿದ. ಮಾಯಾ ಓಡಿ ಬಂದಳು. ಕೂಗಲಿಲ್ಲ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಉಸಿರಾಡಿ, ಉಸಿರಾಡಿ," ಎಂದು ಒಂದೇ ಸಮ ಹೇಳುತ್ತಿದ್ದಳು.

ಶ್ವಾಸಕೋಶಕ್ಕೆ ನೀರು ಹೋಗಿರಬಹುದೆಂದು ಗಾನವಿ ಹಟ ಹಿಡಿದು ಹತ್ತಿರದ ಜೀಲಾಂಗಿನ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಎಕ್ಸ್‌ರೇ ತೆಗೆದು, ಮಧ್ಯಾಹ್ನವೆಲ್ಲ ಆಕ್ಸಿಜನ್ ನೋಡುತ್ತಾ ಇಟ್ಟುಕೊಂಡು, ಸಂಜೆಯ ಹೊತ್ತಿಗೆ ಮನೆಗೆ ಹೋಗಬಹುದು ಎಂದರು. ಕಾರ್ ಪಾರ್ಕಿನಲ್ಲಿ ಐವರೂ ನಿಂತರು. ಆದರ್ಶ್ ಆಸ್ಪತ್ರೆಯವರು ಕೊಟ್ಟ ಹೊದಿಕೆ ಸುತ್ತಿಕೊಂಡಿದ್ದ.

ಕೊನೆಗೆ ಉಮಾಶಂಕರ್ ಬಾಯಿ ಬಿಟ್ಟರು. "ಮೊದಲನೇ ಸಲ ಎಲ್ಲರಿಗೂ ಹೀಗಾಗತ್ತೆ ಆದರ್ಶ್. ಮನಸ್ಸಿಗೆ ಹಚ್ಕೋಬೇಡಿ."

"ಇನ್ನೂ ಎರಡು ತಿಂಗಳಿದೆಯಲ್ಲ," ಎಂದಳು ಗಾನವಿ, ಎತ್ತಲೋ ನೋಡುತ್ತ. "ಪ್ರಾಕ್ಟೀಸ್ ಮಾಡಬಹುದು."

"ಹೌದು," ಎಂದ ಆದರ್ಶ್. "ಪ್ರಾಕ್ಟೀಸ್ ಮಾಡ್ತೀನಿ. ಸಾರಿ, ನನ್ನಿಂದ ನಿಮಗೆಲ್ಲ ತೊಂದರೆ ಆಯ್ತು."

ಸಂಯುಕ್ತಾ ಮೂವರನ್ನೂ ನೋಡಿದಳು. ಶಿವನೇ, ಇವರಿಗೆಲ್ಲ ಹುಚ್ಚೇ? ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮತ್ತೆ ಅದೇ ಉಪಚಾರದ ಮಾತು! ಇನ್ನೊಂದು ಸಲ ತಾನು ಸುಮ್ಮನಿದ್ದರೆ ಆಗಸ್ಟಿನಲ್ಲಿ ನಾಲ್ಕು ಜನ ವಿಮಾನ ಹತ್ತುತ್ತಾರೆ. ಬರುವಾಗ ಎಷ್ಟು ಜನವೋ ಯಾರಿಗೆ ಗೊತ್ತು.

"ಆದರ್ಶ್, ನೀನು ಬರಬೇಡ," ಎಂದಳು.

ಉಮಾಶಂಕರ್ ಕೆಮ್ಮಿದರು. ಅವಳು ನಿಲ್ಲಿಸಲಿಲ್ಲ. "ನಿನ್ನ ಕೈಲಿ ಆಗಲ್ಲ. ಪೂಜೆ ದಿನದಿಂದ ನನಗೆ ಗೊತ್ತು. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ. ಈ ರಿಹರ್ಸಲ್ ಇಟ್ಟಿದ್ದೂ ಅದಕ್ಕೇನೇ, ನೀನಾಗೇ ಬಿಟ್ಟುಬಿಡ್ತೀಯ ಅಂತ. ಅಲ್ಲಿಗೆ ಬಂದ್ರೆ ನೀನು ಸಾಯ್ತೀಯ, ನನ್ನನ್ನೂ ಸಾಯಿಸ್ತೀಯ. ಬರಬೇಡ."

ಅಳುತ್ತಾನೆ, ಇಲ್ಲವೇ ಮುಖ ತಿರುಗಿಸಿ ಹೋಗುತ್ತಾನೆ ಎಂದುಕೊಂಡಿದ್ದಳು. ಆದರ್ಶ್ ಪಾರ್ಕಿಂಗಿನ ಅಂಚುಕಟ್ಟೆಯ ಮೇಲೆ ಕುಸಿದು ಕೂತ. ಹೊದಿಕೆಯೊಳಗೆ ಭುಜಗಳು ಇಳಿದವು. ತಲೆಯ ಮೇಲಿನ ಮೂಟೆ ಇಳಿಸಿದವನ ಹಾಗೆ ಉದ್ದಕ್ಕೆ ಉಸಿರು ಬಿಟ್ಟ.

"ನನಗೆ ಸಮುದ್ರ ಅಂದ್ರೇನೇ ಭಯ ಅಕ್ಕ," ಎಂದ.

"ಮತ್ತೆ ಯಾಕೋ ಒಪ್ಕೊಂಡೆ?"

"ಆಂಟಿ ಎಲ್ಲರ ಮುಂದೆ ಕೇಳಿದ್ರು. ಮೂರು ಜನ ಆದ್ರೆ ಕಳಿಸಲ್ಲ ಅಂದ್ರು. ನಿಮ್ಮ ಮುಖ ನೋಡಿದೆ, ನೀವು ನಕ್ಕಿರಿ. ನಿಮಗೂ ನಾನು ಬರೋದು ಬೇಕೇನೋ ಅಂದ್ಕೊಂಡೆ. ಎಷ್ಟು ವರ್ಷದಿಂದ ನೀವು ಅದಕ್ಕೆ ಕಾಯ್ತಿದ್ರಿ ಅಂತ ಗೊತ್ತಲ್ಲ. ನಾನು ಇಲ್ಲ ಅಂದು ನಿಮ್ಮ ಟ್ರಿಪ್ಪೇ ನಿಂತುಹೋದ್ರೆ? ನಮಗೆ ಮನೇಲಿ ಜಾಗ ಕೊಟ್ಟೋರು ನೀವು." ಅವನು ಮೂಗು ಒರೆಸಿಕೊಂಡ. "ಪ್ರತಿ ಶನಿವಾರ ದಡಕ್ಕೆ ಬಂದು ಕಾಯ್ತಿದ್ದೆ ಅಕ್ಕ, ಇವತ್ತಾದ್ರೂ 'ಬೇಡ ಬಿಡು ಆದರ್ಶ್' ಅಂತೀರಾ ಅಂತ. ನೀವು 'ಚೆನ್ನಾಗಿ ಮಾಡಿದೆ' ಅಂತಿದ್ರಿ."

ಸ್ಪಿಟ್ ಸೇತುವೆಯಲ್ಲಿ ಅವನು ಹೇಳಹೊರಟಿದ್ದು ಬೋರ್ಡಿನ ವಿಷಯವಾಗಿರಲಿಲ್ಲ ಎಂದು ಸಂಯುಕ್ತಾಗೆ ಈಗ ಹೊಳೆಯಿತು.

"ಹೋಗಲಿ ಬಿಡಿ, ಸದ್ಯ ದೇವರು ದೊಡ್ಡೋನು," ಎಂದು ಉಮಾಶಂಕರ್ ಸಮಾಧಾನಕ್ಕೆ ಶುರುಮಾಡಿದರು.

"ಹಾಗೆಲ್ಲ ಅನ್ನಬೇಡಿ ಅಂಕಲ್."

ಮಾಯಾ. ಗಂಡನನ್ನು ನೀರಿನಿಂದ ಎತ್ತಿದ ಮೇಲೆ ಅವಳು ಬೇರೆಯವರೊಡನೆ ಆಡಿದ ಮೊದಲ ಮಾತು ಅದು.

"ನಾನೂ ಸುಮ್ಮನಿದ್ದೆ," ಎಂದಳು. ದನಿ ಏರಲಿಲ್ಲ. "ಪಾಪ, ಇಷ್ಟಪಟ್ಟು ಹೋಗ್ತಿದ್ದಾರೆ, ಬೇಡ ಅನ್ನೋದು ಹೇಗೆ ಅಂತ ಪ್ರತಿ ಶನಿವಾರ ಟವೆಲ್ ಮಡಚಿ ಬ್ಯಾಗಿಗೆ ಹಾಕಿ ಕಳಿಸ್ತಿದ್ದೆ. ಯಾರ ಮನಸ್ಸೂ ನೋಯಬಾರದು ಅಂತ ಎಲ್ಲರೂ ಸೇರಿಕೊಂಡು ಇವರನ್ನ ನೀರಿಗೆ ಹಾಕಿದ್ವಿ. ಅದರಲ್ಲಿ ನಾನೂ ಇದ್ದೀನಿ." ಆಮೇಲೆ ಸಂಯುಕ್ತಾಳ ಕಡೆ ತಿರುಗಿದಳು. "ಒಂದು ಕೇಳ್ತೀನಿ ಅಕ್ಕ. ನೀವು ಹೋಗ್ತೀರಾ ಆಗಸ್ಟಲ್ಲಿ?"

ಇಂಥ ಪ್ರಶ್ನೆಗೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ. 'ಛೆ ಛೆ, ಇಷ್ಟೆಲ್ಲ ಆದಮೇಲೆ ಎಲ್ಲಿಗೆ ಹೋಗೋದು ಮಾಯಾ, ನನಗೂ ಬೇಡವಾಗಿದೆ.' ಅದು ಸಂಯುಕ್ತಾಳ ನಾಲಗೆಯ ತುದಿಯಲ್ಲೇ ಇತ್ತು. ಎದುರಿಗೆ ಆದರ್ಶ್ ಹೊದಿಕೆ ಸುತ್ತಿಕೊಂಡು ಕೂತಿದ್ದಾನೆ, ಆ ಮಾತು ಆಡಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು. ಅವಳು ಅದನ್ನು ನುಂಗಿದಳು.

"ಹೋಗಬೇಕು ಅಂತ ಆಸೆ ಇದೆ," ಎಂದಳು. "ಈಗಲೂ ಇದೆ, ಮಾಯಾ. ಸುಳ್ಳು ಹೇಳಲ್ಲ."

ಮಾಯಾ ಗಂಡನ ಕೈ ಹಿಡಿದು ಎಬ್ಬಿಸಿ, ಹೊದಿಕೆಯನ್ನು ಅವನ ಭುಜದ ಮೇಲೆ ಸರಿಮಾಡಿದಳು.

"ಹೋಗಿ ಬನ್ನಿ," ಎಂದಳು. "ಆದ್ರೆ ಇನ್ನು ಸ್ವಲ್ಪ ದಿನ ನಮ್ಮ ಮನೆಗೆ ಬರಬೇಡಿ ಅಕ್ಕ. ನಿಮ್ಮನ್ನ ನೋಡೋಕೆ ನನಗೆ ಆಗಲ್ಲ."

ಸಂಯುಕ್ತಾ, "ಆಯ್ತು," ಎಂದಳು.